ಬದನೆ ಬಾಡಿದ ವರ್ಷ

ಆ ನವೆಂಬರಿನ ಹೊತ್ತಿಗೆ ನಾನು ಫೋನೆತ್ತಿದರೆ ಬಾಯಿಗೆ ಬರುತ್ತಿದ್ದ ಮಾತು ಒಂದೇ: "ನೀರು ಹೆಚ್ಚಾಗಿದೆ, ಕಡಿಮೆ ಮಾಡಿ." ಎದುರಿಗಿದ್ದವರು ಹೇಳುವುದನ್ನು ಮುಗಿಸುವ ಮೊದಲೇ ಹೇಳಿಬಿಡುತ್ತಿದ್ದೆ. ಅಷ್ಟು ದಣಿವಾಗಿತ್ತು.

ಸುಳ್ಯದಲ್ಲಿ ನಮ್ಮದೊಂದು ಮಹಿಳಾ ಸಂಘ. ಮನೆಯಲ್ಲೇ ನಾಲ್ಕು ತರಕಾರಿ ಬೆಳೆಯುವ ಆಸೆ ಇದ್ದು, ಹೇಗೆಂದು ಗೊತ್ತಿಲ್ಲದವರಿಗೆ ಮಣ್ಣು, ಗೊಬ್ಬರ ತುಂಬಿದ ಚೀಲಗಳನ್ನೂ ಸಸಿಗಳನ್ನೂ ಕೊಡುವುದು ಸಂಘದ ಕೆಲಸ. ತೆಗೆದುಕೊಂಡವರ ಪ್ರಶ್ನೆಗಳಿಗೆ ಉತ್ತರ ಹೇಳುವುದು ನನ್ನದು. ಸುಳ್ಯ, ಪುತ್ತೂರು, ಕಡಬ ಮೂರೂ ತಾಲೂಕಿನಿಂದ ಫೋನು ಬರುತ್ತಿತ್ತು. ಫೋನು ಮಾಡದವರು ವಾಟ್ಸಾಪ್ ಗುಂಪಿಗೆ ಫೋಟೋ ಹಾಕುತ್ತಿದ್ದರು. ಫೋಟೋದಲ್ಲಿ ಗಿಡಕ್ಕಿಂತ ಹೆಚ್ಚು ಅವರ ಚಪ್ಪಲಿ, ಗೋಡೆ, ಒಣಗಲು ಹಾಕಿದ ಬಟ್ಟೆ ಕಾಣುತ್ತಿದ್ದವು.

ಹೊಸಬರ ಪ್ರಶ್ನೆಗಳು ನೂರಾರು ಬಗೆಯವಲ್ಲ. ಕೆಲವೇ ಕೆಲವು, ಸುತ್ತಿ ಸುತ್ತಿ ಬರುತ್ತವೆ. ದಿನಕ್ಕೆ ಎಷ್ಟು ಚೊಂಬು ನೀರು? ಮನೆ ಮುಂದಿನ ಸಿಟೌಟಿನಲ್ಲಿ ಇಟ್ಟರೆ ಬಿಸಿಲು ಸಾಕಾ? ಮೆಣಸಿನ ಎಲೆ ಮುರುಟಿದೆ, ಎಂತ ಹೊಡೆಯುದು? ಮೀನು ತೊಳೆದ ನೀರು ಹಾಕಬಹುದಾ? ಇರುವೆ ಹತ್ತುತ್ತಾ ಉಂಟು, ಗಿಡ ತಿಂದು ಹಾಕ್ತದಾ? ಇವಕ್ಕೆಲ್ಲ ಉತ್ತರ ಇದೆ, ಕಷ್ಟದ ಉತ್ತರಗಳೂ ಅಲ್ಲ. ಚೊಂಬಿನ ಲೆಕ್ಕ ಬೇಡ, ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ತೇವ ತಾಗಿದರೆ ಆ ದಿನ ನೀರು ಬೇಡ. ಇರುವೆ ಗಿಡ ತಿನ್ನಲು ಬಂದದ್ದಲ್ಲ, ಎಲೆಯಡಿ ಕೂತ ಸಸ್ಯಹೇನು ಸೂಸುವ ಸಿಹಿಗೆ ಬಂದದ್ದು, ಹೇನನ್ನು ತೊಳೆಯಿರಿ, ಇರುವೆ ತಾನೇ ಹೋಗುತ್ತದೆ. ಹೇಳುವುದು ಸುಲಭ. ಅದನ್ನೇ ಬೆಳಿಗ್ಗೆಯಿಂದ ಸಂಜೆವರೆಗೆ, ಹೊಸದಾಗಿ ಹೇಳುವ ದನಿಯಲ್ಲಿ ಹೇಳುವುದು ಕಷ್ಟ. ಮೊದಲ ಸಲ ಗಿಡ ನೆಟ್ಟವರಿಗೆ ಅವರ ಪ್ರಶ್ನೆ ಲೋಕದಲ್ಲೇ ಮೊದಲನೆಯದು.

ದೀಪಾವಳಿ ಕಳೆದ ಮೇಲೆ ಒಂದು ದೂರು ಹೆಚ್ಚುತ್ತ ಬಂತು. ಬದನೆ ಗಿಡ ಚೆನ್ನಾಗಿಯೇ ಇತ್ತು, ಹೂ ಮೊಗ್ಗು ಬಂದಿತ್ತು, ನಿನ್ನೆ ಮಧ್ಯಾಹ್ನ ಎಲೆ ಜೋತು ಬಿದ್ದಿತು. ಸಂಜೆಗೆ ಪುನಃ ಎದ್ದು ನಿಂತಿತು. ಇವತ್ತು ಪುನಃ ಜೋತಿದೆ. ಎಲೆ ಹಳದಿ ಇಲ್ಲ, ಹುಳ ಇಲ್ಲ, ಹಸಿರಿರುವಾಗಲೇ ಬಾಡುತ್ತಿದೆ. ಆಮೇಲೆ ಟೊಮೆಟೊ, ಮೆಣಸಿನದೂ ಅದೇ ಕಥೆ. ಹೊಸಬರು ಪ್ರೀತಿ ಹೆಚ್ಚಾಗಿ ಗಿಡವನ್ನು ನೀರಲ್ಲಿ ಮುಳುಗಿಸುವುದು ನಾನು ವರ್ಷವರ್ಷವೂ ನೋಡಿದ್ದು. ಬೇರು ಕೊಳೆತರೂ ಗಿಡ ಹೀಗೇ ಬಾಡುತ್ತದೆ. ಹಾಗಾಗಿ ಎಲ್ಲರಿಗೂ ನೀರು ಕಡಿಮೆ ಮಾಡಿ ಎಂದೆ.

"ಕಡಿಮೆ ಮಾಡಿದೆ ಮೇಡಂ, ಸತ್ತೇ ಹೋಯ್ತು" ಎಂದು ಒಬ್ಬರು ವಾಯ್ಸ್ ಮೆಸೇಜು ಹಾಕಿದರು. ನಾನು ಅದಕ್ಕೂ ಏನೋ ಹೇಳಿದೆ. ನೀರು ನಿಲ್ಲಿಸುವುದು ತಡವಾಗಿರಬೇಕು ಎಂದೋ ಏನೋ.

ಆಲಂಕಾರಿನ ಹೆಂಗಸು ಫೋನು ಮಾಡಿದ್ದು ಆ ವಾರದಲ್ಲೇ. ಮನೆಯಲ್ಲಿ ರವಕೆ ಹೊಲಿಯುವ ಕೆಲಸ ಅವಳದು. ಹಿಂದೆಯೂ ಒಂದೆರಡು ಸಲ ಮಾತಾಡಿದ್ದಳು. ಮೆಲ್ಲನೆ, ಪಕ್ಕದ ಕೋಣೆಗೆ ಕೇಳಿಸಬಾರದೆಂಬಂತೆ ಮಾತಾಡುವವಳು. ಮೂರು ಚೀಲದ ಬದನೆಯಲ್ಲಿ ಎರಡು ಸತ್ತಿವೆ, ಮೂರನೆಯದು ಬಾಡತೊಡಗಿದೆ ಎಂದಳು. ನಾನು ನೀರಿನ ಮಾತು ಎತ್ತಿದೆ.

"ಮೇಡಂ, ಒಂದು ಕೇಳ್ಲಿಕ್ಕುಂಟು. ಕೈಗುಣ ಅಂತ ನಿಜವಾಗಿ ಉಂಟಾ?"

"ಎಂತ?"

"ಕೆಲವರು ನೆಟ್ರೆ ಹಿಡಿಯುದಿಲ್ಲ ಅಂತ ಹೇಳ್ತಾರಲ್ಲ. ಅದು."

"ಹಾಗೆಲ್ಲ ಇಲ್ಲ. ನೀರು ಕಡಿಮೆ ಮಾಡಿ ನೋಡಿ" ಎಂದು ಫೋನಿಟ್ಟೆ. ಮತ್ತೊಂದು ಕರೆ ಕಾಯುತ್ತಿತ್ತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ನನಗೆ ಗೊತ್ತಿದ್ದ ಪ್ರಶ್ನೆಗಳ ಸಾಲಿನಲ್ಲಿ ಇರಲಿಲ್ಲ. ಕೇಳಿದ ದನಿಯಲ್ಲಿ ಕುತೂಹಲವೂ ಇರಲಿಲ್ಲ. ವೈದ್ಯರ ಹತ್ತಿರ ರೋಗದ ಹೆಸರು ಕೇಳುವವರ ದನಿ ಅದು. ಶನಿವಾರ ಪುತ್ತೂರಿಗೆ ಹೇಗೂ ಹೋಗಬೇಕಿತ್ತು. ಮೊದಲು ಆಲಂಕಾರಿಗೆ ಹೋಗಿ ಬರೋಣ ಎಂದು ಬಸ್ಸು ಹತ್ತಿದೆ.

ಮನೆ ಬಸ್ಸು ನಿಲ್ಲುವಲ್ಲಿಂದ ದೂರವಿರಲಿಲ್ಲ. ಸಿಮೆಂಟಿನ ಅಂಗಳ, ಅಂಚಿಗೆ ಮೂರು ಚೀಲ. ಅವಳ ಅತ್ತೆ ಮೆಟ್ಟಿಲ ಮೇಲೆ ಕೂತು ಅವರೆಕೋಡು ಸುಲಿಯುತ್ತಿದ್ದರು. ಫೋನು ಮಾಡಿದವಳು, ಹುಡುಗಿಯೆಂದೇ ಅನಿಸಿತು ನೋಡಿದಾಗ, ನನ್ನ ಬರವಿಗೆ ಗಾಬರಿಯಾಗಿ ಎರಡು ಸಲ ಒಳಗೆ ಹೋಗಿ ಎರಡು ಸಲ ಹೊರಗೆ ಬಂದಳು.

"ನೀರು ಹೇಗೆ ಹಾಕುದು, ತೋರಿಸಿ" ಎಂದೆ.

ಅವಳು ಚೀಲದ ಪಕ್ಕದಿಂದ ಒಂದು ಬಿದಿರಕಡ್ಡಿ ತೆಗೆದು ಮಣ್ಣಿಗೆ ಚುಚ್ಚಿದಳು. ಹೊರಗೆ ಎಳೆದು, ತುದಿಗೆ ಮಣ್ಣು ಅಂಟಿದೆಯೋ ಎಂದು ನೋಡಿದಳು. "ಅಂಟಿದ್ರೆ ಹಾಕುದಿಲ್ಲ. ಬೆರಳು ಹಾಕಿದ್ರೆ ಬೇರಿಗೆ ತಾಗ್ತದೆ ಅಂತ ಹೆದರಿಕೆ ಆಯ್ತು, ಅದಕ್ಕೆ ಕಡ್ಡಿ." ಚೀಲದಡಿಯ ತೂತುಗಳು ಕಟ್ಟಿಕೊಳ್ಳದಂತೆ ಕೆಳಗೆ ಎರಡೆರಡು ಹೆಂಚಿನ ತುಂಡು ಇಟ್ಟಿದ್ದಳು. ಇಂಥವಳಿಗೆ ನಾನು ಫೋನಿನಲ್ಲಿ ನೀರು ಹೆಚ್ಚಾಯಿತೆಂದು ಹೇಳುತ್ತ ಬಂದಿದ್ದೆ.

ಬಾಡುತ್ತಿದ್ದ ಗಿಡವನ್ನು ಕಿತ್ತೆ. ಬೇರು ಬೆಳ್ಳಗೆ, ಗಟ್ಟಿಯಾಗಿ ಇತ್ತು. ಕೊಳೆತ ವಾಸನೆ ಇಲ್ಲ. ನೀರು ಹೆಚ್ಚಾಗಿ ಸತ್ತ ಗಿಡದ ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರಿ ಬರುತ್ತದೆ. ಇದು ಹಾಗಲ್ಲ. ಕಾಂಡವನ್ನು ಬುಡದ ಹತ್ತಿರ ಓರೆಯಾಗಿ ಕೊಯ್ದೆ. ಒಳಗಿನ ಸುತ್ತು ಕಂದು ಬಣ್ಣಕ್ಕೆ ತಿರುಗಿತ್ತು.

"ಒಂದು ಗಾಜಿನ ಲೋಟದಲ್ಲಿ ನೀರು ತರ್ತೀರಾ?"

ಲೋಟ ಬಂತು. ಕಾಂಡದ ತುಂಡನ್ನು ನೀರಿಗೆ ತುದಿ ಮಾತ್ರ ತಾಗುವಂತೆ ಹಿಡಿದು, ಅಲ್ಲಾಡಿಸದೆ ಕಾದೆ. ಅತ್ತೆ ಅವರೆಕೋಡು ಬಿಟ್ಟು ಹತ್ತಿರ ಬಂದರು. ಕೊಯ್ದ ತುದಿಯಿಂದ ಬಿಳಿಯ ನೂಲಿನಂಥದ್ದು ಮೆಲ್ಲನೆ ಕೆಳಗೆ ಇಳಿಯತೊಡಗಿತು. ಒಂದು, ಆಮೇಲೆ ಮತ್ತೊಂದು.

"ಎಂತ ಅದು, ಹಾಲಿನ ಹಾಗೆ?" ಎಂದರು ಅತ್ತೆ.

"ರೋಗ ಅಮ್ಮ. ದುಂಡಾಣು ಸೊರಗು ರೋಗ ಅಂತ. ಮಣ್ಣಿನಲ್ಲಿ ಇರ್ತದೆ. ಬೇರಿನಿಂದ ಒಳಗೆ ಹೊಕ್ಕು ನೀರು ಹೋಗುವ ದಾರಿ ಕಟ್ತದೆ. ಆಮೇಲೆ ನೀವು ಎಷ್ಟು ನೀರು ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ."

"ಹಾಗಾದ್ರೆ ಇವಳು ನೆಟ್ಟದ್ದಕ್ಕೆ ಅಲ್ಲ?"

"ಯಾರು ನೆಟ್ರೂ ಸಾಯ್ತಿತ್ತು."

ಅತ್ತೆ ಲೋಟವನ್ನು ಇನ್ನೊಮ್ಮೆ ನೋಡಿದರು. "ನಮ್ಮಲ್ಲಿ ಮೊದ್ಲು ಕೋಲು ಊರಿದ್ರೂ ಚಿಗುರುತ್ತಿತ್ತು ಮೇಡಂ" ಎಂದರು, ಯಾರಿಗೆ ಹೇಳುತ್ತಿದ್ದೇನೆಂಬ ಎಚ್ಚರವಿಲ್ಲದವರಂತೆ. ಕೆಟ್ಟ ಹೆಂಗಸಲ್ಲ. ಕುಡಿಯಲು ನೀರು ಬೆಲ್ಲ ಅವರೇ ತಂದುಕೊಟ್ಟರು.

ಬಸ್ಸಿನ ತನಕ ಹುಡುಗಿ ಜೊತೆಗೆ ಬಂದಳು. ದಾರಿಯಲ್ಲಿ ಹೇಳಿದಳು. ಮದುವೆಯಾಗಿ ಬಂದ ಮೇಲೆ ಎರಡು ಸಲ ಬಸಿರಾಗಿ ಎರಡೂ ನಿಲ್ಲಲಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಏನೂ ಅಂದಿಲ್ಲ. ಆದರೆ ತೆಂಗಿನ ಸಸಿ ಇಡುವಾಗ ಅತ್ತೆ ಅವಳನ್ನು ಕರೆಯಲಿಲ್ಲ. ಮನೆದೇವರಿಗೆ ಹೂವಾಗಲೆಂದು ದಾಸವಾಳದ ಗೆಲ್ಲು ಊರುವಾಗಲೂ ಪಕ್ಕದ ಮನೆಯವಳನ್ನು ಕರೆದರು. "ಅದಕ್ಕೆ ನಾನೇ ಹಣ ಕೊಟ್ಟು ಚೀಲ ತೆಕ್ಕೊಂಡದ್ದು. ಒಂದಾದ್ರೂ ಹಿಡಿದ್ರೆ ತೋರಿಸುವ ಅಂತ."

ಬಸ್ಸು ಬಂತು, ಹತ್ತಿದೆ.

ಪುತ್ತೂರಿನಲ್ಲಿ ನಾನು ಹೋದದ್ದು ನಮ್ಮ ಚೀಲ ತೆಗೆದುಕೊಂಡಿದ್ದ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರ ತಾರಸಿಗೆ. ಅವರಲ್ಲಿಯೂ ಅದೇ ಲೋಟ, ಅದೇ ಬಿಳಿ ನೂಲು. ಆದರೆ ಮೂಲೆಯಲ್ಲಿ ಹಳೆಯ ಪೈಂಟ್ ಬಕೆಟ್ಟಿನಲ್ಲಿ ಒಂದು ಬದನೆ ಗಿಡ ಕಾಯಿ ಹೊತ್ತು ನಿಂತಿತ್ತು.

"ಇದು ಎಲ್ಲಿಯ ಸಸಿ?"

"ನಿಮ್ಮದೇ ಮಾರಾಯ್ರೆ. ಒಂದು ಸಸಿ ಹೆಚ್ಚು ಬಂದಿತ್ತು. ಚೀಲ ಇರಲಿಲ್ಲ, ಪಕ್ಕದ ಮನೆ ಕಂಪೌಂಡಿನಿಂದ ಮಣ್ಣು ತಂದು ಹಾಕಿದೆ. ನೋಡಿ, ನಿಮ್ಮ ಮಣ್ಣಿನದ್ದು ಎಲ್ಲ ಸತ್ತಿತು, ಇದು ಮಾತ್ರ ಉಂಟು." ಅವರು ತಮಾಷೆಗೆ ಹೇಳಿದ್ದು. ನನಗೆ ನಗು ಬರಲಿಲ್ಲ. ಸಸಿ ಒಂದೇ, ಮಣ್ಣು ಬೇರೆ. ಅಲ್ಲಿಗೆ ಸಂಶಯಕ್ಕೆ ಜಾಗ ಉಳಿಯಲಿಲ್ಲ.

ಮೊದಲೆಲ್ಲ ನಾವು ಗುಡ್ಡದ ಹೊಸ ಮಣ್ಣು ತರಿಸುತ್ತಿದ್ದೆವು. ಆ ವರ್ಷ ಅದು ಸಿಗದೆ ಜಾಲ್ಸೂರಿನ ಹತ್ತಿರ ಒಬ್ಬರ ಜಾಗದಿಂದ ತಂದಿದ್ದೆವು. ಸೋಮವಾರ ಅಲ್ಲಿಗೆ ಹೋದೆ. ಜಾಗದವರು ಮುಚ್ಚಿಡಲಿಲ್ಲ, ಮುಚ್ಚಿಡಬೇಕಾದ ವಿಷಯವೆಂದು ಅವರಿಗೆ ಗೊತ್ತೇ ಇರಲಿಲ್ಲ. "ಅಲ್ಲಿ ಹಿಂದೆ ಬದನೆ ಹಾಕಿದ್ದೆವು. ಎಲ್ಲ ಬಾಡಿ ಹೋಯ್ತು. ಮತ್ತೆ ಬೇಡ ಅಂತ ಬಿಟ್ಟದ್ದು. ಮಣ್ಣು ಒಳ್ಳೆಯದೇ, ಕಪ್ಪಗೆ ಉಂಟಲ್ಲ?" ಎಂದರು. ಮಣ್ಣು ತರಿಸುವ ಮೊದಲು ಅಲ್ಲಿ ಏನು ಬೆಳೆದಿದ್ದರೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಕೇಳಬೇಕೆಂಬ ನಿಯಮವೂ ನಮ್ಮಲ್ಲಿ ಇರಲಿಲ್ಲ.

ಸಂಘದ ಅಧ್ಯಕ್ಷೆಗೆ ವಿಷಯ ಹೇಳಿದೆ. ನನಗಿಂತ ಹಿರಿಯರು, ನಾನು ಅಕ್ಕ ಎಂದು ಕರೆಯುವುದು. ಸಂಘವನ್ನು ಏನೂ ಇಲ್ಲದಲ್ಲಿಂದ ಕಟ್ಟಿದವರು. ಚೀಲ ತುಂಬುವ ಶೆಡ್ಡಿನಲ್ಲಿ ಹೆಂಗಸರು ಕೆಲಸ ಮಾಡುತ್ತಿದ್ದರು, ನಾವು ಹೊರಗೆ ನಿಂತು ಮಾತಾಡಿದೆವು.

"ಎಲ್ಲರಿಗೂ ಹೇಳ್ಬೇಕು ಅಕ್ಕ. ಮಣ್ಣಿನಲ್ಲೇ ರೋಗ ಉಂಟು ಅಂತ."

"ಹೇಳಿದ್ರೆ ಮತ್ತೆ ಯಾರು ಚೀಲ ತೆಕ್ಕೊಳ್ತಾರೆ ಮಾರಾಯ್ತಿ? ಯಾರ ಗಿಡ ಸತ್ತಿದೆಯೋ ಅವರಿಗೆ ಬೇರೆ ಚೀಲ ಕೊಡುವ. ಸದ್ದು ಮಾಡದೆ. ಹೊಸ ಮಣ್ಣು ತರಿಸುವ. ಅಷ್ಟು ಸಾಕಲ್ಲ?"

"ಸತ್ತ ಚೀಲದ ಮಣ್ಣನ್ನು ಅವರು ಎಲ್ಲಿ ಹಾಕ್ತಾರೆ? ಮೆಣಸಿನ ಬುಡಕ್ಕೆ, ಹಿತ್ತಲಿನ ಬದನೆಗೆ. ಅಲ್ಲಿಯೂ ಹಬ್ಬುತ್ತದೆ."

"ಗೊತ್ತುಂಟು." ಅವರು ಶೆಡ್ಡಿನ ಕಡೆ ಕೈ ತೋರಿಸಿದರು. "ಇವರಿಗೆ ನಾಳೆಯಿಂದ ಕೆಲಸ ಇಲ್ಲ ಅಂತ ನೀನು ಹೇಳ್ತೀಯಾ? ನಿನಗೆ ಫೋನು ಇಟ್ರೆ ಮುಗೀತು. ನನಗೆ ಇವರ ಮುಖ ನೋಡ್ಲಿಕ್ಕುಂಟು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ದಿನ ನಾನೂ ಸುಮ್ಮನಿದ್ದೆ. ಆ ಎರಡು ದಿನ ಫೋನು ಬಂದಾಗಲೆಲ್ಲ, "ಒಂದು ರೋಗದ ಹಾಗೆ ಕಾಣ್ತದೆ, ನೋಡುವ" ಎಂದು ತೇಲಿಸಿದೆ. ಮೂರನೆಯ ದಿನ ಅರಂತೋಡಿನಿಂದ ಒಬ್ಬರು ಫೋನು ಮಾಡಿ, "ನಾನು ಎಂತ ತಪ್ಪು ಮಾಡಿದೆ ಮೇಡಂ, ಅದೊಂದು ಹೇಳಿ, ಮುಂದಿನ ಸಲ ತಿದ್ದಿಕೊಳ್ತೇನೆ" ಎಂದರು. ಆಲಂಕಾರಿನವಳ ದನಿಯೇ. ಬೇರೆಯವರದ್ದಾದರೂ ಅದೇ ದನಿ. ಅಂಥ ಎಷ್ಟು ಮನೆಗಳಲ್ಲಿ ಎಷ್ಟು ಮಂದಿ ತಮ್ಮ ಕೈಯನ್ನು ತಾವೇ ನೋಡಿಕೊಳ್ಳುತ್ತಿದ್ದಾರೋ ಎನಿಸಿತು. ಅವರ ಹತ್ತಿರ ತೇಲಿಸಲು ನನ್ನಿಂದ ಆಗಲಿಲ್ಲ.

ಅಧ್ಯಕ್ಷೆಗೆ ಫೋನು ಮಾಡಿ, "ಅಕ್ಕ, ನಾನು ಹೇಳ್ತಾ ಇದ್ದೇನೆ" ಎಂದೆ. ಅವರು ಫೋನಿಟ್ಟರು. ಗುಂಪಿಗೆ ವಾಯ್ಸ್ ಮೆಸೇಜು ಹಾಕಿದೆ. ಬದನೆ, ಟೊಮೆಟೊ, ಮೆಣಸು ಬಾಡಿದ್ದಕ್ಕೆ ಕಾರಣ ನಾವು ಕೊಟ್ಟ ಮಣ್ಣಿನ ರೋಗ. ನಿಮ್ಮ ನೀರಿನಿಂದಲೂ ಅಲ್ಲ, ನಿಮ್ಮ ಕೈಯಿಂದಲೂ ಅಲ್ಲ. ನೀರು ಕಡಿಮೆ ಮಾಡಿ ಎಂದು ನಾನು ಹೇಳಿದ್ದು ತಪ್ಪು. ಗಿಡ ಈಗ ಚೆನ್ನಾಗಿ ಕಂಡರೂ ಬುಡಸಮೇತ ಕಿತ್ತು ಸುಡಿ. ಆ ಮಣ್ಣನ್ನು ತೋಟಕ್ಕಾಗಲಿ ಹಿತ್ತಲಿಗಾಗಲಿ ಚೆಲ್ಲಬೇಡಿ, ಚೀಲದ ಬಾಯಿ ಕಟ್ಟಿಡಿ, ನಾವು ಬಂದು ಒಯ್ಯುತ್ತೇವೆ. ಮುಟ್ಟಿದ ಕೈ, ಕತ್ತಿ ಸಾಬೂನಿನಲ್ಲಿ ತೊಳೆಯಿರಿ.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಹೆಗಲು ನೋಯುತ್ತದೆ. ಫೋನು ಬಿಡುವಿಲ್ಲದೆ ಬಂತು. ಕೆಲವರು ಬೈದರು. ಕೆಲವರು ಗುಂಪು ಬಿಟ್ಟುಹೋದರು. ಕಾಯಿ ಬಿಟ್ಟ ಗಿಡ ಕೀಳುವುದಿಲ್ಲವೆಂದು ಹಟ ಹಿಡಿದವರ ಮನೆಗೆ ಹೋಗಿ ಲೋಟದ ನೀರು ತೋರಿಸಬೇಕಾಯಿತು. ಬಾಡಿಗೆಗೆ ಹಿಡಿದ ಪಿಕಪ್ಪಿನಲ್ಲಿ ಮನೆಮನೆಗೆ ಹೋಗಿ ಚೀಲ ಎತ್ತಿದೆವು. ತೇವದ ಮಣ್ಣಿನ ಚೀಲ ಕೊಟ್ಟಾಗಿನದಕ್ಕಿಂತ ಭಾರ. ಅಧ್ಯಕ್ಷೆ ನನ್ನೊಡನೆ ಮಾತಾಡುತ್ತಿರಲಿಲ್ಲ. ಹೊಸ ಚೀಲ ಕೇಳುವವರು ಇಲ್ಲದೆ ಶೆಡ್ಡು ಖಾಲಿಯಾಯಿತು. ಹೆಂಗಸರಲ್ಲಿ ಇಬ್ಬರು ಗೇರುಬೀಜದ ಕಾರ್ಖಾನೆಗೆ ಹೋದರು, ಮತ್ತೆ ಬರಲೇ ಇಲ್ಲ. ಅದನ್ನು ನಾನು ಮರೆತಿಲ್ಲ.

ತಂದ ಮಣ್ಣನ್ನು ಏನು ಮಾಡುವುದು? ನಮ್ಮ ಕಡೆ ಗದ್ದೆಗೆ, ತರಕಾರಿಗೆ ಸುಡುಮಣ್ಣು ಮಾಡುವ ಕ್ರಮ ಹಳೆಯದು. ಒಣ ಸೊಪ್ಪು, ಕಸಕಡ್ಡಿ ಹಾಸಿ, ಮೇಲೆ ಮಣ್ಣು, ಪುನಃ ಸೊಪ್ಪು, ಪುನಃ ಮಣ್ಣು ಒಟ್ಟಿ ಬೆಂಕಿ ಕೊಡುವುದು. ಉರಿಯಬಾರದು, ಒಳಗೊಳಗೇ ಬೇಯಬೇಕು. ಶೆಡ್ಡಿನ ಹಿಂದೆ ರಾಶಿ ಹಾಕಿದೆವು. ಉಳಿದಿದ್ದ ಹೆಂಗಸರು ಹೊಗೆಯಲ್ಲಿ ಸೆರಗು ಮುಚ್ಚಿಕೊಂಡು ಮಣ್ಣು ಒಟ್ಟುತ್ತಿದ್ದಾಗ ಒಂದು ಬೆಳಿಗ್ಗೆ ಅಧ್ಯಕ್ಷೆ ಬಂದರು. ನನ್ನ ಕಡೆ ನೋಡಲಿಲ್ಲ. ಸೀರೆ ಎತ್ತಿ ಕಟ್ಟಿ, ಗುದ್ದಲಿ ತೆಗೆದುಕೊಂಡು ರಾಶಿಯ ಇನ್ನೊಂದು ಬದಿಯಿಂದ ಮಣ್ಣು ಎಳೆಯತೊಡಗಿದರು. ಮಧ್ಯಾಹ್ನ ಊಟಕ್ಕೆ ಕೂತಾಗ, "ನಿನ್ನ ತಟ್ಟೆಗೆ ಉಪ್ಪಿನಕಾಯಿ ಬೇಕಾ?" ಎಂದು ಕೇಳಿದರು. ನಮ್ಮ ನಡುವೆ ಅಷ್ಟೇ ಆದದ್ದು. ಸುಟ್ಟ ಮೇಲೂ ಆ ಮಣ್ಣನ್ನು ಬದನೆಗೆ ಬಳಸಲು ನನಗೆ ಧೈರ್ಯ ಬರಲಿಲ್ಲ. ಈ ರೋಗ ತಾಗದ ಬಸಳೆಗೆ, ಅಲಸಂಡೆಗೆ ಮಾತ್ರ ಕೊಟ್ಟೆವು.

ಆದರೆ ಎಲ್ಲರೂ ಕೇಳುತ್ತಿದ್ದದ್ದು ಬದನೆಯೇ. ರೋಗ ತಾಗಿದ ಹಿತ್ತಲಿನಲ್ಲೂ ಬದನೆ ನಿಲ್ಲಬೇಕಾದರೆ ಇರುವ ದಾರಿ ಸುಂಡೆಯ ಬುಡಕ್ಕೆ ಕಸಿ ಕಟ್ಟುವುದು. ಸುಂಡೆ ರಸ್ತೆ ಬದಿಯಲ್ಲಿ ತಾನೇ ಹುಟ್ಟುವ ಮುಳ್ಳಿನ ಗಿಡ, ಬದನೆಯ ಕಾಡು ನೆಂಟ. ಈ ರೋಗಕ್ಕೆ ಅದು ಸುಲಭದಲ್ಲಿ ಬಗ್ಗುವುದಿಲ್ಲ. ಬೀಜ ಹಾಕಿದೆ. ಸುಂಡೆ ನಿಧಾನ, ಬದನೆ ಬೇಗ. ಎರಡನ್ನೂ ಒಟ್ಟಿಗೆ ಬಿತ್ತಿದ್ದರಿಂದ ಕಸಿಯ ಹೊತ್ತಿಗೆ ಸುಂಡೆ ನೂಲಿನಂತೆ, ಬದನೆ ಪೆನ್ಸಿಲಿನಂತೆ. ಆದರೂ ಕಟ್ಟಿದೆವು. ಮೇಲೆ ಮುಚ್ಚಿದ ಪ್ಲಾಸ್ಟಿಕ್ ಹೊದಿಕೆಯಿಂದ ನೀರು ತೊಟ್ಟಿಕ್ಕಿ ಕಸಿಯ ಬಾಯಿಗೆ ಬಿತ್ತು. ಒಂದು ವಾರದೊಳಗೆ ಬಹುತೇಕ ಎಲ್ಲ ಕಪ್ಪಾದವು. ಆ ದಿನ ನಾನು ಟ್ರೇಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತವಳು ಏಳಲಿಲ್ಲ. ಈ ಕೆಲಸ ಬಿಟ್ಟು ಎಲ್ಲಿಯಾದರೂ ಅಂಗಡಿಯಲ್ಲಿ ಬಟ್ಟೆ ಮಡಚುವುದು ಒಳ್ಳೆಯದೆನಿಸಿತ್ತು.

ಎರಡನೆಯ ಸಲ ಸುಂಡೆಯನ್ನು ಮೊದಲೇ ಬಿತ್ತಿ, ಅದು ಮೊಳೆತು ನಿಂತ ಮೇಲೆ ಬದನೆ ಬಿತ್ತಿದೆ. ಎರಡರ ಕಾಂಡವೂ ಒಂದೇ ದಪ್ಪಕ್ಕೆ ಬಂದಾಗ ಸುಂಡೆಯ ತಲೆ ಕೊಯ್ದು, ಮಧ್ಯಕ್ಕೆ ಸೀಳಿ, ಬದನೆಯ ತುದಿಯನ್ನು ಎರಡೂ ಬದಿ ಕೆತ್ತಿ ಬೆಣೆಯಂತೆ ಕೂರಿಸಿ ಕ್ಲಿಪ್ ಹಾಕಿದೆವು. ಪ್ರತಿ ಗಿಡಕ್ಕೂ ಬ್ಲೇಡನ್ನು ಸ್ಪಿರಿಟಿನಲ್ಲಿ ಅದ್ದಿದೆವು. ಹೊದಿಕೆಯನ್ನು ಇಳಿಜಾರಾಗಿ ಕಟ್ಟಿದ್ದರಿಂದ ನೀರು ಬದಿಗೆ ಜಾರಿತು. ನೆರಳಿನಲ್ಲಿಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪವೇ ಗಾಳಿಗೆ ತೆರೆದೆವು. ಅರ್ಧಕ್ಕಿಂತ ಹೆಚ್ಚು ಉಳಿದವು. ಬೇಸಿಗೆ ಆಗಲೇ ಮುಗಿಯುತ್ತ ಬಂದಿತ್ತು.

ಸಸಿ ಹಿಡಿದುಕೊಂಡು ಆಲಂಕಾರಿಗೆ ನಾನೇ ಹೋದೆ. ಅಂಗಳದ ಅಂಚಿನಲ್ಲಿ ಹೊಸ ಮಣ್ಣಿನ ಎರಡು ಚೀಲ ತಯಾರಾಗಿದ್ದವು. ಹುಡುಗಿ ಕೈ ಒರೆಸುತ್ತ ಬಂದು ದೂರವೇ ನಿಂತಳು. ಕಸಿ ಸಸಿ ನೆಡುವುದು ಹೇಗೆಂದು ತೋರಿಸಲು ನಾನು ಅಭ್ಯಾಸದಂತೆ ಬಗ್ಗಿದೆ. ಅತ್ತೆ ಮೆಟ್ಟಿಲಿನಿಂದ ಎದ್ದು ಬಂದು ನನ್ನ ಕೈಯಿಂದ ಸಸಿ ತೆಗೆದುಕೊಂಡರು.

"ನೀವು ಕೂತುಕೊಳ್ಳಿ ಮೇಡಂ, ಸಾಕಾಗಿದೆ ನಿಮಗೆ, ಮುಖ ನೋಡಿದ್ರೆ ಗೊತ್ತಾಗ್ತದೆ" ಎಂದು ಸಸಿಯನ್ನು ಸೊಸೆಯ ಕಡೆ ಚಾಚಿದರು. "ಇಕೋ. ನೀನೇ ನೆಡು."

ಹುಡುಗಿ ತಕ್ಷಣ ಕೈ ಮುಂದೆ ಮಾಡಲಿಲ್ಲ. ಅತ್ತೆ ಚಾಚಿದ ಕೈಯನ್ನು ಹಿಂದೆ ತೆಗೆಯಲೂ ಇಲ್ಲ. ಆಮೇಲೆ ಅವಳು ತೆಗೆದುಕೊಂಡಳು. ಕೂತು, ಮಣ್ಣು ಬಗೆದು, ಸಸಿ ಇಳಿಸಿ ನನ್ನ ಕಡೆ ತಿರುಗಿದಳು.

"ಈ ಕಸಿಯ ಗಂಟು ಮಣ್ಣಿನ ಮೇಲೆ ಇರ್ಬೇಕು ಅಲ್ವಾ ಮೇಡಂ? ಹುಗಿದ್ರೆ ಬದನೆಯೇ ಬೇರು ಬಿಡ್ತದೆ, ಪುನಃ ರೋಗ ಬರ್ತದೆ?"

ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. ಅವಳೇ ಯೋಚಿಸಿದ್ದು.

"ಹೌದು" ಎಂದೆ. ಮೆಟ್ಟಿಲ ಮೇಲೆ ಅತ್ತೆಯ ಪಕ್ಕದಲ್ಲಿ ಕೂತು ಕಾಲು ಚಾಚಿದೆ. ಇಬ್ಬರೂ ನೋಡುತ್ತಿದ್ದೆವು. ಅವಳು ಎರಡೂ ಅಂಗೈಯಿಂದ ಬುಡದ ಮಣ್ಣನ್ನು ಮೆಲ್ಲನೆ ಒತ್ತಿ, ಎರಡನೆಯ ಸಸಿಗೆ ತಾನೇ ಕೈ ಚಾಚಿದಳು.